ಮೂರು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ: ಜಾಗ ಮಾರಿ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಬೇಕೇ?

ಕಾಪು ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಮೂರು ವರ್ಷ. 31ನೇ ವಾರಕ್ಕೇ ಹುಟ್ಟಿದವಳು, ಬಹಳ ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದ್ದಳು. ವರ್ಷ ತುಂಬಿದರೂ ಕೂರಲಿಲ್ಲ. ನಿಲ್ಲಿಸಿದರೆ ತುದಿಗಾಲಿನಲ್ಲಿ ನಿಂತು ಎರಡೂ ಕಾಲುಗಳನ್ನು ಹೆಣೆದುಕೊಳ್ಳುತ್ತಿದ್ದಳು. ಎಂಆರ್‌ಐ ನೋಡಿದ ವೈದ್ಯರು ಸ್ಪಾಸ್ಟಿಕ್ ಡೈಪ್ಲೀಜಿಯಾ ಎಂದರು, ಅಂದರೆ ಮಿದುಳಿಗೆ ಬಿದ್ದ ಪೆಟ್ಟಿನಿಂದ ಮುಖ್ಯವಾಗಿ ಕಾಲುಗಳು ಬಿಗಿಯಾಗುವ ಬಗೆಯ ಸೆರೆಬ್ರಲ್ ಪಾಲ್ಸಿ. ಈಗ ಕೂರುತ್ತಾಳೆ, ತೆವಳುತ್ತಾಳೆ, ಕಿಟಕಿಯ ಸರಳು ಹಿಡಿದು ಏಳುತ್ತಾಳೆ. ಮಾತು ತಡವಾಗಿ ಬರುತ್ತಿದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹಟಕ್ಕೂ ಕಡಿಮೆಯಿಲ್ಲ.

ನನ್ನ ಹೆಂಡತಿ ಕೆಲಸ ಬಿಟ್ಟಿದ್ದಾಳೆ. ವಾರಕ್ಕೆ ಮೂರು ದಿನ ಮಗುವನ್ನು ಎತ್ತಿಕೊಂಡು ಮಣಿಪಾಲಕ್ಕೆ ಫಿಸಿಯೋಥೆರಪಿಗೆ ಹೋಗುತ್ತಾಳೆ, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯಬೇಕು. ಮನೆಗೆ ಬಂದ ಮೇಲೆ ಎರಡು ಹೊತ್ತು ವ್ಯಾಯಾಮ. ಕಾಲು ಎಳೆಯುವಾಗ ಮಗಳು ಕಿರುಚುತ್ತಾಳೆ. ಅದನ್ನು ಕೇಳಲಾರದೆ ನನ್ನ ಅಮ್ಮ ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿಬಿಡುತ್ತಾರೆ. ಅಲ್ಲಿಂದ ಅತ್ತೆ ಸೊಸೆಗೆ ಮಾತಿಲ್ಲ.

ಈ ನಡುವೆ ಭಾವ ಒಂದು ವಿಷಯ ತಂದಿದ್ದಾರೆ. ದೂರದ ನಗರದ ಒಂದು ಕೇಂದ್ರದಲ್ಲಿ ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚುಚ್ಚುಮದ್ದು ಕೊಡುತ್ತಾರಂತೆ, ಮಕ್ಕಳು ಎದ್ದು ನಡೆಯುವ ವಿಡಿಯೋಗಳನ್ನೂ ಕಳಿಸಿದ್ದಾರೆ. ಈಗ ಮಾಡಿಸದಿದ್ದರೆ ಸಮಯ ಮೀರುತ್ತದೆ ಎಂದು ಅಲ್ಲಿಯವರು ಫೋನಿನಲ್ಲಿ ಹೇಳಿದರಂತೆ. ನಮ್ಮ ಪಾಲಿಗೆ ಬಂದ ಹತ್ತು ಸೆಂಟ್ಸ್ ಜಾಗವಿದೆ, ಮಾರಿದರೆ ಹಣ ಹೊಂದುತ್ತದೆ. ಮಾರಲೇ? ಮನೆಯಲ್ಲಿ ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಶಿರ್ವದ ಅಮ್ಮ

ಅಣ್ಣಾ, ಜಾಗ ಮಾರಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸೆರೆಬ್ರಲ್ ಪಾಲ್ಸಿಗೆ ಸ್ಟೆಮ್ ಸೆಲ್ ಅಂಗೀಕೃತ ಚಿಕಿತ್ಸೆಯಲ್ಲ. ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಕಸಿಯನ್ನು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆ ಅನುಮೋದನೆ ಪಡೆದ ಸಂಶೋಧನೆಯೊಳಗೇ ನಡೆಯಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಸಂಶೋಧನೆಯ ಖರ್ಚನ್ನು ಅದರಲ್ಲಿ ಭಾಗವಹಿಸುವ ರೋಗಿಯ ಮೇಲೆ ಹೊರಿಸುವಂತಿಲ್ಲ. ಲಕ್ಷಗಟ್ಟಲೆ ಕೇಳುತ್ತಿದ್ದಾರೆ ಎಂದರೆ ಅಲ್ಲಿಗೇ ಅರ್ಥ ಮಾಡಿಕೊಳ್ಳಿ. ಆ ವಿಡಿಯೋಗಳಲ್ಲಿರುವ ಮಕ್ಕಳು ಫಿಸಿಯೋಥೆರಪಿಯನ್ನೂ ಮಾಡಿದ್ದಾರೆ, ದೊಡ್ಡವರೂ ಆಗಿದ್ದಾರೆ. ನಡೆದದ್ದು ಯಾವುದರಿಂದ ಎಂದು ವಿಡಿಯೋ ಹೇಳುವುದಿಲ್ಲ.

ನನ್ನ ಮಗನಿಗೆ ಒಂಬತ್ತು ವರ್ಷ, ಅವನದೂ ಡೈಪ್ಲೀಜಿಯಾ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಕಾಲೇ ಏಕೆ ಹೆಚ್ಚು ಬಿಗಿಯಾಗುತ್ತದೆ ಎಂದು ನಮ್ಮ ವೈದ್ಯರು ಚಿತ್ರ ಬರೆದು ತೋರಿಸಿದ್ದರು. ಮಿದುಳಿನ ಒಳಗೆ ದ್ರವ ತುಂಬಿದ ಕೋಣೆಗಳಿವೆ. ಅವುಗಳ ಪಕ್ಕದ ಬಿಳಿ ಭಾಗ ಆ ವಾರಗಳಲ್ಲಿ ತುಂಬಾ ನಾಜೂಕು. ಕಾಲಿಗೆ ಹೋಗುವ ನರತಂತುಗಳು ಕೋಣೆಗೆ ಎಲ್ಲಕ್ಕಿಂತ ಹತ್ತಿರದಲ್ಲಿ ಹಾದುಹೋಗುವುದರಿಂದ ಪೆಟ್ಟು ಮೊದಲು ಬೀಳುವುದು ಅವಕ್ಕೇ. ಆ ಪೆಟ್ಟು ಬೆಳೆಯುವುದೂ ಇಲ್ಲ, ಅಳಿಸಿಹೋಗುವುದೂ ಇಲ್ಲ. ಸ್ನಾಯು, ಮೂಳೆ ಮತ್ತು ಮಗುವಿನ ಅಭ್ಯಾಸ ಮಾತ್ರ ದಿನದಿನವೂ ಬದಲಾಗುತ್ತವೆ. ನಮ್ಮ ಕೈಯಲ್ಲಿರುವುದು ಅದು.

ಮನೆಯಲ್ಲಿ ಏನು ಮಾಡುವುದೆಂದು ಕೇಳಿದಿರಿ. ವ್ಯಾಯಾಮವೆಂದು ಬೇರೆ ಹೊತ್ತು ಕಟ್ಟಿಡುವ ಬದಲು ದಿನದ ಕೆಲಸದೊಳಗೇ ಅದನ್ನು ಸೇರಿಸಿ. ಬಟ್ಟೆ ಹಾಕುವುದನ್ನೇ ನೋಡಿ. ಮಲಗಿಸಿ ಚಡ್ಡಿ ತೊಡಿಸಿದರೆ ಕಾಲು ಕೋಲಾಗುತ್ತದೆ, ನೀವು ಎಳೆದಷ್ಟೂ ಬಿಗಿಯುತ್ತದೆ. ಅವಳನ್ನು ಪಾದ ನೆಲಕ್ಕೆ ಪೂರ್ತಿ ತಾಗುವ ಎತ್ತರದ ಮಣೆಯ ಮೇಲೆ ಕೂರಿಸಿ, ನೀವು ಹಿಂದೆ ಕುಳಿತುಕೊಳ್ಳಿ. ಹೆಚ್ಚು ಬಿಗಿಯಿರುವ ಕಾಲು ಮೊದಲು ಒಳಗೆ ಹೋಗಲಿ, ಬಿಚ್ಚುವಾಗ ಅದೇ ಕಾಲು ಕೊನೆಗೆ ಬರಲಿ. ಕಾಲುಚೀಲ ಹಾಕುವಾಗ ಪಾದವನ್ನು ಹಿಡಿದು ಮಡಿಸಲು ಹೋಗಬೇಡಿ, ಮೊದಲು ಸೊಂಟ ಮತ್ತು ಮೊಣಕಾಲು ಮಡಿಸಿ, ಪಾದ ತಾನಾಗಿ ಸಡಿಲುತ್ತದೆ. ಬಳಿಕ ಮುಂದಿರುವ ಕುರ್ಚಿ ಹಿಡಿದು ಅವಳೇ ಏಳಲಿ, ನೀವು ಚಡ್ಡಿ ಮೇಲಕ್ಕೆ ಎಳೆಯಿರಿ. ಕೂತು ಏಳುವ ವ್ಯಾಯಾಮ ಆಯಿತು, ಅಳುವೂ ಇಲ್ಲ. ನಮ್ಮ ಮನೆಯಲ್ಲಿ ದೋಸೆ ಹಿಟ್ಟು ಕಲಸುವಾಗ ಮಗ ಪಕ್ಕದ ಮೇಜು ಹಿಡಿದು ನಿಂತು ಉಪ್ಪು ಹಾಕುತ್ತಿದ್ದ, ಹಿಟ್ಟಿಗೆ ಕೈಯನ್ನೂ ಹಾಕುತ್ತಿದ್ದ. ಅಷ್ಟು ಹೊತ್ತು ನಿಲ್ಲು ಎಂದರೆ ಯಾವ ಮಗುವೂ ನಿಲ್ಲುವುದಿಲ್ಲ.

ಫಿಸಿಯೋ, ಮಂಗಳೂರು

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಕಿರುಚುವಷ್ಟು ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಬೇರೊಬ್ಬರು ಕೆಲವು ನಿಮಿಷ ಕಾಲು ಎಳೆದು ಬಿಡುವುದರಿಂದ ದೀರ್ಘಕಾಲದ ಲಾಭ ಬಹಳ ಕಡಿಮೆ ಎಂದು ಈಗಿನ ಸಂಶೋಧನೆಗಳು ತೋರಿಸಿವೆ. ಮಗು ತಾನೇ ಬಯಸಿ ಮಾಡುವ ಕೆಲಸದ ಅಭ್ಯಾಸದಿಂದಲೇ ಹೆಚ್ಚು ಪ್ರಯೋಜನ. ಸ್ನಾಯುವಿನ ಉದ್ದ ಕಾಯಬೇಕಾದರೆ ಕಾಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್, ಹಿಮ್ಮಡಿ ಊರಿ ನಿಲ್ಲುವುದು ಇಂಥ ದೀರ್ಘ ಹೊತ್ತಿನ ಉಪಾಯಗಳು ಬೇಕು.

ಚಲನೆಯ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಹೇಳುವ ಜಿಎಂಎಫ್‌ಸಿಎಸ್ ಎಂಬ ಪದ್ಧತಿ 1997ರಿಂದ ಬಳಕೆಯಲ್ಲಿದೆ. ಒಂದನೆಯದು ಹಗುರ, ಐದನೆಯದು ಅತಿ ತೀವ್ರ. ನಿಮ್ಮ ವಿವರ ಓದಿದರೆ ಮೂರನೇ ಹಂತದ ಹತ್ತಿರ ಕಾಣುತ್ತದೆ, ಆದರೆ ನಿರ್ಧರಿಸಬೇಕಾದವರು ಅವಳನ್ನು ನೋಡುತ್ತಿರುವವರು, ಅವರನ್ನೇ ಕೇಳಿ. ಮೂರನೇ ಹಂತದ ಮಕ್ಕಳು ಸಾಮಾನ್ಯವಾಗಿ ವಾಕರ್ ಅಥವಾ ಊರುಗೋಲು ಹಿಡಿದು ನಡೆಯುತ್ತಾರೆ, ದೂರಕ್ಕೆ ಗಾಲಿಕುರ್ಚಿ ಬಳಸುತ್ತಾರೆ. ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ. ಗುರಿ ಸ್ಪಷ್ಟವಿದ್ದರೆ ಪವಾಡ ಮಾರುವವರ ಮಾತಿಗೆ ಮನಸ್ಸು ಅಷ್ಟು ಬೇಗ ಸೋಲುವುದಿಲ್ಲ. ದೊಡ್ಡ ಚಲನೆಗಳ ಬಹುಪಾಲು ಕಲಿಕೆ ಐದು ವರ್ಷದೊಳಗೆ ಆಗುತ್ತದೆ ಎನ್ನುವುದು ನಿಜ. ಅದನ್ನೇ ಹಿಡಿದುಕೊಂಡು ಕೆಲವರು ಹೆದರಿಸುತ್ತಾರೆ. ಐದರ ನಂತರವೂ ಮಕ್ಕಳು ಕಲಿಯುತ್ತಾರೆ, ಬಾಗಿಲು ಮುಚ್ಚಿಬಿಡುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ: ಸೊಂಟದ ಎಕ್ಸ್‌ರೇ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ತೊಡೆಮೂಳೆಯ ತಲೆ ಗುಳಿಯಿಂದ ನಿಧಾನವಾಗಿ ಹೊರಕ್ಕೆ ಸರಿಯುತ್ತದೆ. ಹಂತ ಏರಿದಷ್ಟೂ ಅಪಾಯ ಹೆಚ್ಚು. ಮೊದಮೊದಲು ನೋವೂ ಇರುವುದಿಲ್ಲ, ನೋಡಿದರೆ ಗೊತ್ತಾಗುವುದೂ ಇಲ್ಲ. ವರ್ಷಕ್ಕೊಮ್ಮೆಯಾದರೂ ಎಕ್ಸ್‌ರೇ ತೆಗೆಸಿ ಮಕ್ಕಳ ಮೂಳೆ ವೈದ್ಯರಿಗೆ ತೋರಿಸಿ. ಹಳೆಯ ಫಿಲ್ಮ್ ಎಸೆಯಬೇಡಿ, ಎಷ್ಟು ಸರಿದಿದೆ ಎಂದು ಹೋಲಿಸಿ ನೋಡಲು ಅದೇ ಬೇಕು.

ಬಿಗಿತ ಹೆಚ್ಚಾಗಿ ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರು ಹೇಳಬಹುದು. ಅದರ ಪರಿಣಾಮ ಮೂರು ನಾಲ್ಕು ತಿಂಗಳು. ಆ ಅವಧಿಯಲ್ಲಿ ಸ್ಪ್ಲಿಂಟ್ ಮತ್ತು ನಡಿಗೆಯ ಅಭ್ಯಾಸ ಇಲ್ಲದಿದ್ದರೆ ಕೊಟ್ಟ ಚುಚ್ಚುಮದ್ದು ವ್ಯರ್ಥ.

ಬಜ್ಪೆಯಿಂದ

ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ, ಯಾರೂ ತಪ್ಪು ತಿಳಿಯಬೇಡಿ.

ನಮ್ಮ ಮಗ ಐದನೇ ಹಂತ. ಆರು ವರ್ಷ, ಕುತ್ತಿಗೆ ಇನ್ನೂ ಪೂರ್ತಿ ನಿಂತಿಲ್ಲ, ಅಪಸ್ಮಾರವೂ ಇದೆ. ದಿನದ ಕೆಲಸದೊಳಗೇ ಥೆರಪಿ ಎಂದು ಹೇಳುವುದು ಚೆನ್ನಾಗಿದೆ. ಆದರೆ ಆ ದಿನದ ಕೆಲಸ ಯಾರದು? ಬಟ್ಟೆ ತೊಡಿಸುವವಳು ತಾಯಿ, ಉಣ್ಣಿಸುವವಳು ತಾಯಿ, ಸ್ನಾನ ಮಾಡಿಸುವವಳು ತಾಯಿ. ಅದೆಲ್ಲವೂ ಥೆರಪಿ ಎಂದಾದರೆ ಅವಳಿಗೆ ಬಿಡುವೆಂಬುದೇ ಇಲ್ಲ, ಮಗುವನ್ನು ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡಾಗಲೂ ಕಾಲು ಸರಿಯಾಗಿದೆಯೇ ಎಂದು ನೋಡುತ್ತಾಳೆ. ನನ್ನ ಹೆಂಡತಿಯ ಸೊಂಟ ಹಿಡಿದುಕೊಂಡ ಮೇಲೆ ನಮ್ಮ ಮನೆಯಲ್ಲಿ ಈ ಲೆಕ್ಕ ಬದಲಾಯಿತು. ಈಗ ರಾತ್ರಿಯ ಪಾಳಿ ನನ್ನದು, ಸ್ನಾನವೂ ನನ್ನದು. ಕಾಪುವಿನ ಅಣ್ಣ, ನಿಮ್ಮ ಪತ್ರದಲ್ಲಿ ಹೆಂಡತಿ ಏನು ಮಾಡುತ್ತಾರೆ, ಅಮ್ಮ ಏನು ಮಾಡುತ್ತಾರೆ, ಭಾವ ಏನು ಹೇಳಿದರು ಎಂದಿದೆ. ನೀವು ಏನು ಮಾಡುತ್ತೀರಿ ಎಂದು ಇಲ್ಲ. ನೋಯಿಸಲು ಹೇಳುತ್ತಿಲ್ಲ, ಜಾಗದ ಪ್ರಶ್ನೆಗಿಂತ ಈ ಪ್ರಶ್ನೆ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು, ಎಲ್ಲ ಮನೆಗಳಲ್ಲೂ ನಡೆಯುವುದೇ ಗುರಿಯಲ್ಲ. ನಮ್ಮ ಗುರಿ ಅವನು ನೋವಿಲ್ಲದೆ ಕೂರಬೇಕು, ಊಟ ಶ್ವಾಸಕೋಶಕ್ಕೆ ಹೋಗಬಾರದು, ಮನೆಯವರ ಜೊತೆ ಇರಬೇಕು. ಮಲಗಿಸಿ ಉಣ್ಣಿಸುವುದನ್ನು ನಿಲ್ಲಿಸಿ, ಬೆನ್ನು ನೇರವಾಗಿ, ಗದ್ದ ತುಸು ಕೆಳಗೆ ಬರುವಂತೆ ಕೂರಿಸಿ ಉಣ್ಣಿಸಲು ಕಲಿತ ಮೇಲೆ ಪದೇಪದೇ ಬರುತ್ತಿದ್ದ ಕಫ ಮತ್ತು ಜ್ವರ ಎಷ್ಟೋ ಇಳಿಯಿತು. ತೆಳ್ಳಗಿನ ನೀರಿಗಿಂತ ಮಂದವಾದ ಗಂಜಿ ಅವನಿಗೆ ಸುಲಭ. ವಿಕಲಚೇತನರ ಸಾಧನ ತಯಾರಿಸುವ ಅಲಿಮ್ಕೊ ಸಂಸ್ಥೆಯ ಸೆರೆಬ್ರಲ್ ಪಾಲ್ಸಿ ಕುರ್ಚಿ ನಮಗೆ, ಇಂಥ ಸಾಧನ ಕೊಡಿಸುವ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಸಿಕ್ಕಿತು. ಅದರಲ್ಲಿ ಕುಳಿತು ಅವನು ಚಾವಡಿಯಲ್ಲಿ ಎಲ್ಲರ ಮುಖ ನೋಡುತ್ತಾನೆ. ನೆಲದಲ್ಲಿ ಮಲಗಿದ್ದಾಗ ಅವನು ನೋಡುತ್ತಿದ್ದದ್ದು ಫ್ಯಾನ್ ಮಾತ್ರ.

ಅಪಸ್ಮಾರ ಇರುವ ಮಕ್ಕಳ ಮನೆಯವರಿಗೆ: ಸೆಳೆತ ಬಂದಾಗ ಬಾಯಿಗೆ ಏನೂ ತುರುಕಬೇಡಿ, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅದು ತುರ್ತು ಸ್ಥಿತಿ. ಸೆಳೆತ ನಿಲ್ಲಿಸಲು ಮೂಗಿಗೆ ಹಾಕುವ ಮಿಡಾಜೋಲಾಮ್ ಸ್ಪ್ರೇಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ, ಎಷ್ಟು ಕೊಡಬೇಕು ಎಂದು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ.

ಶಿರ್ವದ ಅಮ್ಮ

ಬಜ್ಪೆಯ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬರೆದದ್ದಕ್ಕೆ ಇದನ್ನು ಸೇರಿಸಿಯೇ ಓದಿ. ದಿನದ ಕೆಲಸದಲ್ಲಿ ಥೆರಪಿ ಎಂದರೆ ಆ ಕೆಲಸವನ್ನು ಮನೆಯ ಎಲ್ಲರೂ ಕಲಿಯಬೇಕು ಎಂದೇ ಅರ್ಥ. ನನ್ನ ಗಂಡ ಕೊಲ್ಲಿಯಲ್ಲಿದ್ದಾರೆ, ರಜೆಯಲ್ಲಿ ಬಂದಾಗ ಮೊದಲ ವಾರವೇ ಅವರನ್ನು ಫಿಸಿಯೋ ಬಳಿ ಕೂರಿಸಿ ಕಲಿಸುತ್ತೇನೆ. ತಾಯಿಗೂ ತನ್ನದೇ ಆದ ಹೊತ್ತು ಬೇಕು.

ಮುಲ್ಕಿ ಅಜ್ಜಿ

ಮೊಮ್ಮಗಳು ಬರೆದುಕೊಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಮಗನೇ, ನಿನ್ನ ಅಮ್ಮನ ಮೇಲೆ ಕೋಪ ಮಾಡಬೇಡ. ಮಗು ಕಿರುಚುವಾಗ ಎತ್ತಿಕೊಳ್ಳದೆ ಇರುವುದು ನಮ್ಮಂಥವರಿಗೆ ಆಗುವ ಮಾತಲ್ಲ. ಅವರಿಗೂ ಒಂದು ಕೆಲಸ ಕೊಡಿ.

ನನ್ನ ಇನ್ನೊಬ್ಬ ಮೊಮ್ಮಗನಿಗೆ ಇದೇ ತೊಂದರೆ. ನಾನು ಅವನನ್ನು ಎರಡು ಕಾಲೂ ಜೋಡಿಸಿ ಅಪ್ಪಿಕೊಂಡು ಎತ್ತುತ್ತಿದ್ದೆ. ಥೆರಪಿಯ ಹುಡುಗಿ ನನ್ನನ್ನೇ ಕರೆದು ತೋರಿಸಿದಳು: ಅಮ್ಮಾ, ಸೊಂಟದ ಮೇಲೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಬರುವಂತೆ ಕೂರಿಸಿಕೊಳ್ಳಿ, ತೊಡೆ ಅಗಲವಾಗುತ್ತದೆ, ಅವನು ತನ್ನ ಬೆನ್ನನ್ನು ತಾನೇ ಹಿಡಿಯುತ್ತಾನೆ ಎಂದು. ಅಂದಿನಿಂದ ಎತ್ತಿಕೊಳ್ಳುವುದೂ ವ್ಯಾಯಾಮವೇ ಆಯಿತು. ನಾನು ಮನೆಯಲ್ಲಿ ಕೂತು ಬೀಡಿ ಕಟ್ಟುವವಳು. ಅವನನ್ನು ಎದುರಿಗೆ ಮಣೆಯಲ್ಲಿ ಕೂರಿಸಿ ಎಲೆಯ ಕಟ್ಟು ಕೈಗೆ ಕೊಡಲು ಹೇಳುತ್ತಿದ್ದೆ, ಖಾಲಿ ಎಲೆ ಮಾತ್ರ, ಹೊಗೆಸೊಪ್ಪು ಅವನ ಹತ್ತಿರ ತರುತ್ತಿರಲಿಲ್ಲ. ಒಂದೊಂದೇ ಎಣಿಸಿ ಕೊಡಲು ಕಲಿತ.

ಬಪ್ಪನಾಡಿಗೆ ಹರಕೆ ಹೇಳಿದ್ದೆ, ತೀರಿಸಿದೆ. ಯಾರೋ ಹೇಳಿದರೆಂದು ಪ್ರಶ್ನೆಯನ್ನೂ ಇಟ್ಟೆವು. ದೇವರಲ್ಲಿ ಕೇಳಿದೆವೆಂದು ಥೆರಪಿಯನ್ನು ಒಂದು ದಿನವೂ ಬಿಡಲಿಲ್ಲ. ಸೊಸೆಗೆ ಗರ್ಭಿಣಿಯಾಗಿದ್ದಾಗ ಅದು ತಿಂದಿದ್ದಕ್ಕೆ, ಇದು ನೋಡಿದ್ದಕ್ಕೆ ಹೀಗಾಯಿತು ಎಂದು ನೆರೆಯವರು ಹೇಳಿದಾಗ ನಾನೇ ಗದರಿಸಿ ಕಳಿಸಿದೆ. ನಿನ್ನ ಅಮ್ಮನೂ ಸೊಸೆಯ ಪರ ನಿಲ್ಲಲಿ. ಮನೆ ಆಗ ಸರಿಯಾಗುತ್ತದೆ.

ಕಾಪು ಅಪ್ಪ

ಎಲ್ಲರ ಉತ್ತರವನ್ನೂ ನಿನ್ನೆ ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮುಲ್ಕಿಯ ಅಮ್ಮನ ಮಾತನ್ನು ನನ್ನ ಅಮ್ಮ ಎರಡನೇ ಸಲ ಓದಿಸಿದರು. ಬಜ್ಪೆಯ ಅಣ್ಣನ ಪ್ರಶ್ನೆ ಓದುವಾಗ ಹೆಂಡತಿ ಏನೂ ಹೇಳಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಇನ್ನೊಂದು ಸಂಶಯ. ನಮ್ಮ ಮನೆಯ ಮಾತು ತುಳು. ಮಗಳಿಗೆ ಮಾತು ತಡವಾಗಿದೆ, ಮನೆಯಲ್ಲಿ ತುಳು ನಿಲ್ಲಿಸಿ ಕನ್ನಡ ಮಾತ್ರ ಮಾತನಾಡಿ ಎಂದು ಪರಿಚಯದ ಒಬ್ಬರು ಹೇಳಿದರು. ಹಾಗೆ ಮಾಡಬೇಕೇ? ಅಂಗನವಾಡಿಗೆ ಕಳಿಸುವ ಆಸೆಯೂ ಇದೆ.

ದೇರಳಕಟ್ಟೆ, ವಾಕ್ ಚಿಕಿತ್ಸಕಿ

ತುಳು ನಿಲ್ಲಿಸಬೇಡಿ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ, ಮಾತು ತಡವಾಗಿರುವ ಮಕ್ಕಳಿಗೂ ಅದರಿಂದ ಹಾನಿಯಿಲ್ಲ. ಅಜ್ಜಿ ಅವಳೊಡನೆ ಮನಸಾರೆ ಮಾತನಾಡುವುದು ತುಳುವಿನಲ್ಲಿ. ಅದನ್ನು ನಿಲ್ಲಿಸಿದರೆ ಅವಳ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ. ಅಂಗನವಾಡಿಯಲ್ಲಿ ಕನ್ನಡ ತಾನಾಗಿ ಬರುತ್ತದೆ.

ನೀವು ಗಮನಿಸಬೇಕಾದದ್ದು ಇದು: ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಬಾಯಿ, ನಾಲಿಗೆ, ಉಸಿರು ಮೂರನ್ನೂ ಹೊಂದಿಸಿಕೊಳ್ಳಲು ಈ ಮಕ್ಕಳಿಗೆ ಹೆಚ್ಚು ಹೊತ್ತು ಬೇಕು. ನಾವು ಆತುರದಲ್ಲಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಹಾಲು ಬೇಕೋ ನೀರು ಬೇಕೋ ಎಂದು ಎರಡೂ ಲೋಟ ತೋರಿಸಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಕಣ್ಣು ಹೊರಳಿದರೂ ಅದು ಉತ್ತರವೇ. ಮನೆಯವರ, ತಿಂಡಿಯ, ಆಟದ ಸಾಮಾನಿನ ಫೋಟೋ ಅಂಟಿಸಿದ ಹಲಗೆ ಮಾಡಿ ಕೈಗೆಟಕುವಲ್ಲಿ ಇಡಿ. ಚಿತ್ರ ತೋರಿಸಿ ಅಭ್ಯಾಸವಾದರೆ ಮಾತು ಬಾರದು ಎಂಬ ಭಯ ಬೇಡ. ಶ್ರವಣ ಪರೀಕ್ಷೆ, ಕಣ್ಣಿನ ಪರೀಕ್ಷೆ ಎರಡೂ ಆಗಿವೆಯೇ? ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ಎರಡೂ ಕಡ್ಡಾಯ ಎಂದೇ ತಿಳಿಯಿರಿ.

ಕಾರ್ಕಳದ ನಿವೃತ್ತ ಶಿಕ್ಷಕಿ

ಅಂಗನವಾಡಿಗೆ ಈ ತಿಂಗಳೇ ಕಳಿಸಿ. ಮಕ್ಕಳನ್ನು ನೋಡಿ ಮಕ್ಕಳು ಕಲಿಯುವಷ್ಟು ನಾವು ಕಲಿಸಲಾರೆವು. ಕಾಲು ಊರಿ ಕೂರುವ ಒಂದು ಪುಟ್ಟ ಕುರ್ಚಿಯನ್ನು ನೀವೇ ಮಾಡಿಸಿ ಕೊಡಿ, ಕಾರ್ಯಕರ್ತೆಗೂ ಧೈರ್ಯ ಬರುತ್ತದೆ. ಶಾಲೆಗೆ ಸೇರುವಾಗ ಯಾರಾದರೂ ಇಂಥ ಮಗು ನಮ್ಮಲ್ಲಿ ಆಗುವುದಿಲ್ಲ ಎಂದರೆ ಬಾಯಿಮಾತಿಗೆ ಹಿಂದೆ ಬರಬೇಡಿ, ಬರೆದು ಕೊಡಿ ಎನ್ನಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿ ಇದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವುದು ಶಾಲೆಯ ಹೊಣೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅವಳ ಹಕ್ಕು. ಸಮಗ್ರ ಶಿಕ್ಷಣದಡಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಈಗಲೇ ಹೋಗಿ ಪರಿಚಯ ಮಾಡಿಕೊಳ್ಳಿ.

ಕಾಗದಪತ್ರ ಮೊದಲು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಿಂದ ಶುರುವಾಗಲಿ. ಸ್ವಾವಲಂಬನ ಪೋರ್ಟಲಿನಲ್ಲಿ ಅರ್ಜಿ ಹಾಕಿದರೆ ತಪಾಸಣೆಗೆ ಸರಕಾರಿ ಆಸ್ಪತ್ರೆಗೆ ಕರೆಯುತ್ತಾರೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯ ಪಡೆಯಿರಿ, ಅವರು ಇರುವುದೇ ಇದಕ್ಕೆ. ಪಂಚಾಯಿತಿಯ ನಿಧಿಯಲ್ಲಿ ಶೇ. 5 ವಿಕಲಚೇತನರಿಗೆ ಮೀಸಲು, ಸಾಧನಗಳಿಗೆ ಅಲ್ಲೂ ಅರ್ಜಿ ಕೊಡಿ. ಬಳಿಕ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ. 1999ರ ಕಾಯ್ದೆಯಿಂದ ಬಂದ ಈ ಟ್ರಸ್ಟ್ ಇರುವುದು ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ವೈಕಲ್ಯ ಮತ್ತು ಬಹು ವೈಕಲ್ಯ ಇರುವವರಿಗಾಗಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆಗೆ ಮೊದಲೇ ವೈದ್ಯಕೀಯ ಪರೀಕ್ಷೆ ಬೇಡ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಬಿಲ್ಲುಗಳನ್ನು ಜೋಪಾನ ಮಾಡಿ. ಜಿಲ್ಲಾ ಮಟ್ಟದಲ್ಲಿ ಮಕ್ಕಳ ಶೀಘ್ರ ಪತ್ತೆ ಕೇಂದ್ರವೆಂದು, ಡಿಇಐಸಿ ಎಂದು ಕರೆಯುವ ವ್ಯವಸ್ಥೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಅದು, ಅಲ್ಲಿ ಉಚಿತವಾಗಿ ತೋರಿಸಬಹುದು. ನೀವು ಆದಾಯ ತೆರಿಗೆ ಕಟ್ಟುವವರಾದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇಂಥ ಮಗುವಿನ ಪೋಷಣೆಗೆ ವರ್ಷಕ್ಕೆ 75,000 ರೂಪಾಯಿ, ವೈಕಲ್ಯ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತವಿದೆ.

ಕಾಪು ಅಪ್ಪ

ಜಾಗ ಮಾರುವುದಿಲ್ಲ. ಭಾವನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರಿಗೂ ಮಗಳ ಮೇಲೆ ಪ್ರೀತಿಯಿಂದಲೇ ಹೇಳಿದ್ದು, ಬೇಸರವಾಗದಂತೆ ಮಾತನಾಡಿದೆ. ವಾಕರ್ ತೆಗೆಸಲು ಸಹಾಯ ಮಾಡುತ್ತೇನೆ ಎಂದರು.

ಶನಿವಾರದ ಥೆರಪಿಗೆ ಇನ್ನು ನಾನು ಕರೆದುಕೊಂಡು ಹೋಗುತ್ತೇನೆ. ಬೆಳಗಿನ ಸ್ನಾನ, ಬಟ್ಟೆ ನನ್ನ ಕೆಲಸ. ಮಣೆಯ ಉಪಾಯ ಮಾಡಿದೆ, ಸೊಂಟ ಮೊಣಕಾಲು ಮಡಿಸಿದಾಗ ಪಾದ ಸಡಿಲುವುದನ್ನು ನನ್ನ ಕೈಯೇ ಕಂಡಿತು. ಹೆಂಡತಿ ವಾರದಲ್ಲಿ ಎರಡು ಸಂಜೆ ತನ್ನ ಹಳೆಯ ಹೊಲಿಗೆಯ ಕೆಲಸಕ್ಕೆ ಹೋಗುವುದೆಂದು ಮಾತಾಗಿದೆ. ಎಕ್ಸ್‌ರೇಗೆ ಚೀಟಿ ಬರೆಸಿಕೊಂಡಿದ್ದೇವೆ.

ವಾಕರ್ ಬಗ್ಗೆ ಒಂದು ಪ್ರಶ್ನೆ. ಮನೆಯೊಳಗೆ ಟೈಲ್ಸ್, ಅಂಗಳದಲ್ಲಿ ಇಂಟರ್‌ಲಾಕ್, ಅದರಾಚೆ ಕೆಂಪುಕಲ್ಲಿನ ಮೆಟ್ಟಿಲು. ಮಳೆಗಾಲದಲ್ಲಿ ಪಾಚಿ. ಯಾವ ಬಗೆಯದು ತೆಗೆದುಕೊಳ್ಳಬೇಕು?

ಫಿಸಿಯೋ, ಮಂಗಳೂರು

ಎಕ್ಸ್‌ರೇ ಮಾತು ಕೇಳಿ ನೆಮ್ಮದಿಯಾಯಿತು. ವಾಕರ್ ಅವಳ ಹಿಂದೆ ಬರುವ ಬಗೆಯದಾಗಲಿ. ಮುಂದೆ ತಳ್ಳುವ ವಾಕರಿನಲ್ಲಿ ಮಕ್ಕಳು ಬಾಗಿ ನಡೆಯುತ್ತಾರೆ, ಹಿಂದಿನದರಲ್ಲಿ ಬೆನ್ನು ನೇರವಾಗುತ್ತದೆ. ಹಿಮ್ಮುಖವಾಗಿ ಉರುಳದಂತೆ ತಡೆಯಿರುವ ಚಕ್ರ ಬೇಕು. ಟೈಲ್ಸ್ ಮೇಲೆ ಸಣ್ಣ ಚಕ್ರ ಸಾಕು, ಇಂಟರ್‌ಲಾಕ್ ಸಂದಿಯಲ್ಲಿ ಅದು ಸಿಕ್ಕಿಹಾಕಿಕೊಳ್ಳುತ್ತದೆ, ಅಂಗಳಕ್ಕೂ ತರುವುದಾದರೆ ದೊಡ್ಡ ಚಕ್ರದ್ದನ್ನೇ ನೋಡಿ. ಮೆಟ್ಟಿಲ ಪಕ್ಕ ಅವಳ ಎತ್ತರಕ್ಕೆ ಒಂದು ಹಿಡಿಕಂಬಿ ಹಾಕಿಸಿ, ಮಳೆಗಾಲದಲ್ಲಿ ವಾಕರ್ ಒಳಗೇ ಇರಲಿ.

ಸ್ಪ್ಲಿಂಟ್ ಇದ್ದರೆ ಮಳೆಗಾಲದಲ್ಲಿ ಒಳಗೆ ಹತ್ತಿಯ ಉದ್ದ ಕಾಲುಚೀಲ ಹಾಕಿ, ಒದ್ದೆಯಾದರೆ ತಕ್ಷಣ ಬದಲಿಸಿ. ಬಿಚ್ಚಿದಾಗ ಚರ್ಮ ನೋಡಿ, ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ ಮಾಡಿಕೊಟ್ಟವರಿಗೆ ತೋರಿಸಿ ಸರಿಮಾಡಿಸಬೇಕು. ವಾಕರ್ ಅಳತೆಗೆ ಹೋಗುವಾಗ ಅವಳು ದಿನಾ ಹಾಕುವ ಚಪ್ಪಲಿ ಮತ್ತು ಸ್ಪ್ಲಿಂಟ್ ಎರಡನ್ನೂ ತೆಗೆದುಕೊಂಡು ಹೋಗಿ, ಹಿಡಿಯ ಎತ್ತರವನ್ನು ಅವು ಹಾಕಿ ನಿಂತಾಗಲೇ ಅಳೆಯಬೇಕು.